ಹೆಸರು ಯಾರ ಖಾತೆಯಲ್ಲಿದೆ?

ಶಿಕಾರಿಪುರ, ಸೊರಬದಂತಹ ತಾಲ್ಲೂಕು ಕೇಂದ್ರಗಳಲ್ಲಿ ಪತ್ತಿನ ಸಹಕಾರ ಸಂಘವಿರಲಿ, ಖಾಸಗಿ ಶಾಲೆಯಿರಲಿ, ಗುಡಿಗಾರರ ಶ್ರೀಗಂಧದ ಕೆತ್ತನೆಯ ಮಳಿಗೆಯಿರಲಿ, ವೆಬ್‌ಸೈಟ್ ಮಾಡಿಸುವ ಕ್ರಮ ಸಾಮಾನ್ಯವಾಗಿ ಒಂದೇ. ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಇರುವ ಡೆವಲಪರ್ ಒಬ್ಬರೊಂದಿಗೆ ಒಟ್ಟು ಮೊತ್ತಕ್ಕೆ ಮಾತಾಗುತ್ತದೆ. ಅವರೇ ಡೊಮೈನ್ ಕೊಳ್ಳುತ್ತಾರೆ, ಹೋಸ್ಟಿಂಗ್ ಹಾಕುತ್ತಾರೆ, ಸಂಸ್ಥೆಯ ಹೆಸರಿನಲ್ಲಿ ನಾಲ್ಕಾರು ಇಮೇಲ್ ವಿಳಾಸ ತೆರೆದುಕೊಡುತ್ತಾರೆ. ಪುಟ ತೆರೆದುಕೊಂಡರೆ ಬಿಲ್ ಪಾಸಾಗುತ್ತದೆ. ಡೊಮೈನ್ ಯಾರ ಲಾಗಿನ್‌ನಲ್ಲಿದೆ, ನೋಂದಣಿಯಲ್ಲಿ ಯಾರ ಹೆಸರಿದೆ, ಅದರ ದಾಖಲೆಗಳನ್ನು ತಿದ್ದುವ ಅಧಿಕಾರ ಯಾರದು ಎಂದು ಆಡಳಿತ ಮಂಡಳಿ ಕೇಳುವುದೇ ಇಲ್ಲ. ಜಮೀನಿನ ಪಹಣಿಯಲ್ಲಿ ಒಂದಕ್ಷರ ತಪ್ಪಿದರೆ ತಾಲ್ಲೂಕು ಕಚೇರಿಗೆ ಎಡತಾಕುವ ಜನ, ಸಂಸ್ಥೆಯ ಹೆಸರಿನ ಪಹಣಿಯನ್ನು ಮಾತ್ರ ಗುತ್ತಿಗೆದಾರನ ಹೆಸರಿಗೇ ಬರೆಸಿಬಿಡುತ್ತಾರೆ. ಹೆಸರು, ವೆಬ್‌ಸೈಟ್, ಇಮೇಲ್ ಮೂರನ್ನೂ ಒಂದೇ ಗಂಟಿನಲ್ಲಿ ಕೊಳ್ಳುವ ಈ ಪದ್ಧತಿ ಮೂಲದಲ್ಲೇ ತಪ್ಪು ಎಂಬುದು ನನ್ನ ವಾದ.

ಡೊಮೈನ್ ಹೆಸರುಗಳ ದಾಖಲೆಗಳನ್ನು ಇಡುವ ಡಿಎನ್‌ಎಸ್ ವ್ಯವಸ್ಥೆಯ ರಚನೆಯೇ ಈ ಗಂಟನ್ನು ಒಪ್ಪುವುದಿಲ್ಲ. ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ರೂಪಿಸಿದ ಈ ವ್ಯವಸ್ಥೆಯಲ್ಲಿ ಒಂದು ಹೆಸರಿನಡಿ ಬೇರೆಬೇರೆ ಬಗೆಯ ದಾಖಲೆಗಳನ್ನು ಇಡಬಹುದು. ವೆಬ್‌ಸೈಟ್ ಯಾವ ಸರ್ವರ್‌ನಲ್ಲಿದೆ ಎಂಬುದನ್ನು ಎ ದಾಖಲೆ ಹೇಳುತ್ತದೆ; ಅಂಚೆ ಎಲ್ಲಿಗೆ ಹೋಗಬೇಕು ಎಂಬುದನ್ನು ಎಂಎಕ್ಸ್ ದಾಖಲೆ ಹೇಳುತ್ತದೆ. 1986ರಲ್ಲಿ ಬಂದ ಈ ಎಂಎಕ್ಸ್‌ನ ಉದ್ದೇಶವೇ ಹೆಸರು ಒಂದು ಕಡೆ, ಅಂಚೆ ತೆಗೆದುಕೊಳ್ಳುವ ಯಂತ್ರ ಇನ್ನೊಂದು ಕಡೆ ಇರಲಿ ಎಂಬುದು. ಅಂದರೆ ವೆಬ್‌ಸೈಟನ್ನು ಎಷ್ಟು ಸಲ ಬದಲಾಯಿಸಿದರೂ ಇಮೇಲ್‌ಗೆ ಧಕ್ಕೆಯಾಗಬೇಕಿಲ್ಲ. ಆದರೂ ಧಕ್ಕೆಯಾಗುತ್ತಲೇ ಇದೆ, ಅದೂ ಒಂದೇ ದಾರಿಯಲ್ಲಿ. ಹೊಸ ಹೋಸ್ಟಿಂಗ್‌ನವರು ‘ನೇಮ್‌ಸರ್ವರ್ ಬದಲಾಯಿಸಿ’ ಎನ್ನುತ್ತಾರೆ. ನೇಮ್‌ಸರ್ವರ್ ಬದಲಾದರೆ ಇಡೀ ದಾಖಲೆ ಪುಸ್ತಕವೇ ಬದಲಾದಂತೆ. ಹೊಸ ಪುಸ್ತಕದಲ್ಲಿ ಹಳೆಯ ಎಂಎಕ್ಸ್ ಇರುವುದಿಲ್ಲ. ವೆಬ್‌ಸೈಟ್ ಚೆನ್ನಾಗಿ ತೆರೆಯುತ್ತದೆ, ಎಲ್ಲರಿಗೂ ಸಮಾಧಾನ. ಇತ್ತ ಸಂಘಕ್ಕೆ ಬರಬೇಕಾದ ಪತ್ರಗಳು ಬರುವುದು ನಿಲ್ಲುತ್ತದೆ. ಎ ದಾಖಲೆಯ ಒಂದು ಸಾಲನ್ನು ತಿದ್ದಿದ್ದರೆ ಸಾಕಿತ್ತು. ಹಿಂದಿನ ದಿನವೇ ಟಿಟಿಎಲ್ ಅನ್ನು, ಅಂದರೆ ದಾಖಲೆಯ ಪ್ರತಿಯನ್ನು ಬೇರೆ ಸರ್ವರ್‌ಗಳು ಇಟ್ಟುಕೊಳ್ಳುವ ಅವಧಿಯನ್ನು, 86400 ಸೆಕೆಂಡಿನಿಂದ 300ಕ್ಕೆ ಇಳಿಸಿಟ್ಟಿದ್ದರೆ ಬದಲಾವಣೆ ಕೆಲವೇ ನಿಮಿಷಗಳಲ್ಲಿ ಹರಡುತ್ತಿತ್ತು, ತಪ್ಪಾಗಿದ್ದರೆ ಅಷ್ಟೇ ಬೇಗ ಹಿಂದಕ್ಕೂ ಬರಬಹುದಿತ್ತು.

ಬರುವ ಅಂಚೆಯ ಕಥೆ ಹೀಗಾದರೆ, ಹೋಗುವ ಅಂಚೆಯ ಕಷ್ಟ ಇನ್ನೂ ಸೂಕ್ಷ್ಮ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಪತ್ರ ಕಳಿಸುವ ಪ್ರತಿ ಡೊಮೈನ್‌ಗೂ ಪತ್ರ ನಿಜಕ್ಕೂ ಆ ಡೊಮೈನ್‌ನದೇ ಎಂದು ದೃಢಪಡಿಸುವ ಎಸ್‌ಪಿಎಫ್ ಅಥವಾ ಡಿಕೆಐಎಂ ದಾಖಲೆ ಇರಬೇಕೆಂದು ಗೂಗಲ್ ನಿಯಮ ಮಾಡಿತು. ದಿನಕ್ಕೆ 5000ಕ್ಕೂ ಹೆಚ್ಚು ಕಳಿಸುವವರಿಗೆ ಎರಡೂ ಬೇಕು, ಜೊತೆಗೆ ಆ ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ಬೇಕು. ಇವೆಲ್ಲ ಡಿಎನ್‌ಎಸ್‌ನಲ್ಲಿ ಬರೆಯುವ ಟಿಎಕ್ಸ್‌ಟಿ ಸಾಲುಗಳು. ಒಂದು ಡೊಮೈನ್‌ಗೆ ಎಸ್‌ಪಿಎಫ್ ಸಾಲು ಒಂದೇ ಇರಬೇಕು. ಹಳೆಯದನ್ನು ಹಾಗೆಯೇ ಉಳಿಸಿ ಹೊಸದನ್ನೂ ಸೇರಿಸಿದರೆ ಎರಡೂ ಕೆಡುತ್ತವೆ. ಕೆತ್ತನೆಯ ದರಪಟ್ಟಿಯನ್ನು ಹೊರರಾಜ್ಯದ ಗಿರಾಕಿಗೆ ಕಳಿಸಿದ ಮಳಿಗೆಯವರಿಗೆ ಅದು ಸ್ಪ್ಯಾಮ್‌ಗೆ ಬಿತ್ತೆಂದು ಗೊತ್ತಾಗುವುದೇ ಇಲ್ಲ. ಉತ್ತರ ಬಾರದಿದ್ದಾಗ ಗಿರಾಕಿಗೆ ಆಸಕ್ತಿಯಿಲ್ಲ ಎಂದುಕೊಳ್ಳುತ್ತಾರೆ.

ಸಣ್ಣ ಸಂಸ್ಥೆಗಳಿಂದ ಇದೆಲ್ಲ ಆಗದು, ಸರ್ಕಾರವೇ ಕೇಂದ್ರೀಕೃತವಾಗಿ ನೋಡಿಕೊಳ್ಳಲಿ ಎನ್ನುವವರಿದ್ದಾರೆ. ಆ ವಾದದಲ್ಲಿ ಹುರುಳಿದೆ. ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳ ವೆಬ್‌ಸೈಟ್‌ಗಳು ಒಂದೇ ಸರ್ಕಾರಿ ಡೊಮೈನ್‌ನ ಉಪಡೊಮೈನ್‌ಗಳಾಗಿರುವುದರಿಂದ ಹೆಸರು ಖಾಸಗಿಯವರ ಕೈಗೆ ಹೋಗುವ ಭಯವಿಲ್ಲ. ರಿಸರ್ವ್ ಬ್ಯಾಂಕ್ ಇನ್ನೂ ಮುಂದೆ ಹೋಗಿ, ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ಗೆ ಬರಬೇಕೆಂದು ಆ ವರ್ಷದ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿತು. ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕುಗಳಿಗೂ ಅದು ಅನ್ವಯ. ನೋಂದಣಿ ಮಾಡುವ ಸಂಸ್ಥೆ ಹೈದರಾಬಾದಿನ ಐಡಿಆರ್‌ಬಿಟಿ ಒಂದೇ. ಒಳ್ಳೆಯ ನಿರ್ಧಾರ. ಆದರೆ ರೈತರು ದಿನನಿತ್ಯ ವ್ಯವಹರಿಸುವ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು, ಸೌಹಾರ್ದ ಪತ್ತಿನ ಸಹಕಾರಿಗಳು ಆ ಸುತ್ತೋಲೆಯ ಹೊರಗಿವೆ. ಹೊಸ ಹೆಸರಿಗೆ ಹೋದವರ ಹಳೆಯ ಡೊಮೈನ್‌ನ ಪ್ರಶ್ನೆಯೂ ಉಳಿಯುತ್ತದೆ. ಪಾಸ್‌ಬುಕ್, ರಸೀದಿ, ಲೆಟರ್‌ಹೆಡ್‌ಗಳಲ್ಲಿ ಅಚ್ಚಾಗಿರುವ ಹಳೆಯ ವಿಳಾಸಕ್ಕೆ ಗ್ರಾಹಕರು ಬರೆಯುತ್ತಲೇ ಇರುತ್ತಾರೆ. ನವೀಕರಿಸದೆ ಬಿಟ್ಟರೆ ಅದನ್ನು ಯಾರು ಬೇಕಾದರೂ ಕೊಂಡು, ತಮ್ಮದೊಂದು ಎಂಎಕ್ಸ್ ಸಾಲು ಬರೆದು, ಆ ಪತ್ರಗಳನ್ನೆಲ್ಲ ಪಡೆಯಬಹುದು. ಹೆಸರು ಬದಲಾಯಿಸಿದ ಸಂಸ್ಥೆ ಹಳೆಯದನ್ನು ವರ್ಷಗಟ್ಟಲೆ ನವೀಕರಿಸುತ್ತಲೇ ಇರಬೇಕು.

ಇಷ್ಟು ತಾಪತ್ರಯವೇಕೆ, ಸಂಘದ ಹೆಸರಿನ ಒಂದು ಜಿಮೇಲ್ ಖಾತೆ ಸಾಲದೇ ಎಂಬುದು ಇನ್ನೊಂದು ಆಕ್ಷೇಪ. ಕೆಟ್ಟ ದಾಖಲೆಗಳ ಸ್ವಂತ ಡೊಮೈನ್‌ಗಿಂತ ಜಿಮೇಲ್ ಎಷ್ಟೋ ಮೇಲು, ನಿಜ. ಆದರೆ ಸಂಘದ ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆ ಮಾಡಿ ಯಾರು ಬೇಕಾದರೂ ಜಿಮೇಲ್ ತೆರೆಯಬಹುದು. ಠೇವಣಿದಾರರ ಕೈಗೆ ಬಂದ ಪತ್ರ ಸಂಘದ್ದೇ ಎಂದು ಹೇಳಲು ಆಗ ಆಧಾರವಿರುವುದಿಲ್ಲ. ಜನರ ಹಣ ಇಟ್ಟುಕೊಂಡ ಸಂಸ್ಥೆ ಈ ಆಧಾರವನ್ನು ಒದಗಿಸಲೇಬೇಕು. ಅದಕ್ಕೆ ತಗಲುವ ಖರ್ಚು ಹೆಚ್ಚಲ್ಲ. ಡಾಟ್ ಇನ್ ಡೊಮೈನನ್ನು ಒಮ್ಮೆಗೇ ಹತ್ತು ವರ್ಷಕ್ಕೆ ನೋಂದಾಯಿಸಬಹುದು. ಡೆವಲಪರ್‌ಗಳನ್ನು ಅನುಮಾನಿಸಬೇಕೆಂದೂ ಇದರರ್ಥವಲ್ಲ. ಅತ್ಯಂತ ಪ್ರಾಮಾಣಿಕರೂ ಕೆಲಸ ಬಿಟ್ಟು ಬೇರೆ ಊರಿಗೆ ಹೋಗುತ್ತಾರೆ, ಅವರ ಫೋನ್ ನಂಬರ್ ಬದಲಾಗುತ್ತದೆ. ಡೊಮೈನ್ ಸಂಸ್ಥೆಯ ಹೆಸರಿನಲ್ಲೇ ನೋಂದಣಿಯಾಗಿದ್ದರೆ, ಎಲ್ಲ ದಾಖಲೆಗಳ ಮುದ್ರಿತ ಪ್ರತಿ ನಡಾವಳಿ ಪುಸ್ತಕದ ಜೊತೆಗಿದ್ದರೆ, ಹೊಸ ಕಾರ್ಯದರ್ಶಿ ಅಧಿಕಾರ ವಹಿಸಿಕೊಳ್ಳುವಾಗ ಬೀಗದ ಕೈಗಳೊಂದಿಗೆ ಡೊಮೈನ್‌ನ ಲಾಗಿನ್ ಕೂಡ ಹಸ್ತಾಂತರವಾದರೆ, ಡೆವಲಪರ್ ಬದಲಾದರೂ ಸಂಘದ ವ್ಯವಹಾರ ನಿಲ್ಲದು. ಆ ಲಾಗಿನ್‌ಗೆ ಕೊಡುವ ಇಮೇಲ್ ಮಾತ್ರ ಅದೇ ಡೊಮೈನ್‌ನದಾಗಿರಬಾರದು. ಡೊಮೈನ್ ಕೆಟ್ಟ ದಿನ ಪಾಸ್‌ವರ್ಡ್ ಮರಳಿ ಪಡೆಯುವ ಪತ್ರವೂ ತಲುಪುವುದಿಲ್ಲ.