ದ್ರೋಣಿಯ ಮೇಲೆ ಮಲಗದ ಮೇಷ್ಟ್ರು

ಈ ವಾರ ಧಾನ್ವಂತರ ತೈಲದ ಬಗ್ಗೆ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅದು ಮುಂದಿನ ವಾರಕ್ಕೆ ಹೋಗಲಿ. ತೈಲ ಒಂದು ವಾರ ಕಾದರೆ ಕೆಡುವುದಿಲ್ಲ, ಸಿಟ್ಟು ಮಾತ್ರ ಆರಿಹೋಗುತ್ತದೆ.

ಸಿಟ್ಟಿಗೆ ಕಾರಣ ಒಂದು ಪತ್ರ. ಅಭ್ಯಂಗ, ಮಸಾಜ್ ಕಲಿಸುವವರಲ್ಲಿ ಅತ್ಯುತ್ತಮರನ್ನು ಆರಿಸಿ ಸನ್ಮಾನ ಮಾಡುತ್ತಾರಂತೆ, ತೀರ್ಪುಗಾರರ ಸಾಲಿನಲ್ಲಿ ನಾನೂ ಕೂರಬೇಕಂತೆ. ಒಳ್ಳೆಯದೇ. ಕಲಿಸುವವರಿಗೆ ಶಾಲು ಹೊದಿಸುವುದನ್ನು ಬೇಡವೆನ್ನುವಷ್ಟು ಕಲ್ಲುಮನಸ್ಸಿನವನಲ್ಲ ನಾನು. ಆದರೆ ಪತ್ರದ ಬೆನ್ನಿಗೆ ಒಂದು ಅಂಕಪಟ್ಟಿ ಲಗತ್ತಿಸಿದ್ದರು. ಅನುಭವದ ವರ್ಷಗಳಿಗೆ ಇಷ್ಟು ಅಂಕ, ಗೋಡೆಯ ಮೇಲಿನ ಪ್ರಮಾಣಪತ್ರಗಳಿಗೆ ಇಷ್ಟು, ತರಬೇತಿ ಪಡೆದು ಹೊರಬಿದ್ದವರ ಸಂಖ್ಯೆಗೆ ಇಷ್ಟು, ಇನ್‌ಸ್ಟಾಗ್ರಾಮಿನಲ್ಲಿ ಬೆನ್ನು ಹತ್ತಿದವರಿಗೆ ಇಷ್ಟು. ಕೈಗೆ ಎಷ್ಟು ಎಂದು ಹುಡುಕಿದೆ. ಕೈ ಎಂಬ ಮಾತೇ ಅದರಲ್ಲಿ ಇರಲಿಲ್ಲ.

ಈ ಅಂಕಣವನ್ನು ಬಹುಕಾಲದಿಂದ ಓದುವವರಿಗೆ ನನ್ನ ಹಠ ಗೊತ್ತು. ಶಿಷ್ಯನ ಕೈಕೆಳಗೆ ತಾನೇ ದ್ರೋಣಿಯ ಮೇಲೆ, ಅಂದರೆ ಎಣ್ಣೆ ತಿಕ್ಕುವ ಮಂಚದ ಮೇಲೆ, ಮಲಗದ ಗುರುವನ್ನು ನಾನು ಗುರುವೆಂದು ಲೆಕ್ಕಕ್ಕಿಡುವುದಿಲ್ಲ. ಪಕ್ಕದಲ್ಲಿ ನಿಂತು ನೋಡುವವನಿಗೆ ಕಾಣುವುದು ಅರ್ಧವೇ. ಮಂಡಿ ಬಾಗಿದೆಯೋ ಇಲ್ಲವೋ, ಭಾರ ಪಾದದಿಂದ ಬರುತ್ತಿದೆಯೋ ಹೆಗಲಿನಿಂದಲೋ, ಹೆಬ್ಬೆರಳು ಹಿಂದಕ್ಕೆ ಮಣಿದು ಗಂಟು ಸವೆಯುವ ದಾರಿ ಹಿಡಿದಿದೆಯೋ, ಇಷ್ಟು ಕಣ್ಣಿಗೆ ಬೀಳುತ್ತದೆ. ಒತ್ತಡ ಬೀಳುವುದಿಲ್ಲ. ಅಂಗೈಯ ಅಳುಕು ಬೀಳುವುದಿಲ್ಲ. ಅವೆರಡನ್ನು ತಿಳಿಯಲು ಬೆನ್ನು ಕೊಡಲೇಬೇಕು.

ಮಲೆನಾಡಿನ ಒಂದು ಪಂಚಕರ್ಮ ಕೇಂದ್ರದಲ್ಲಿ ಅಂಥ ಮೇಷ್ಟ್ರೊಬ್ಬರನ್ನು ನೋಡಿದ್ದೇನೆ. ಹೊಸ ತಂಡ ಬಂದರೆ ಭಾಷಣವಿಲ್ಲ. ಕಚ್ಚೆ ಕಟ್ಟಿ ದ್ರೋಣಿ ಹತ್ತಿ ಬೋರಲು ಮಲಗುತ್ತಾರೆ. ಎಲ್ಲರಿಗಿಂತ ಹಿಂದೆ ನಿಂತು ಅಳುಕುತ್ತಿರುವವನನ್ನೇ ಮೊದಲು ಕರೆಯುತ್ತಾರೆ. ನಾನು ಹೋದ ದಿನ ಆ ಪಾಳಿ ಹಾವೇರಿ ಕಡೆಯ ಹುಡುಗನದು. ಎಣ್ಣೆಯ ಬಿಸಿಯನ್ನು ಮಣಿಕಟ್ಟಿನ ಒಳಮೈಗೆ ಮುಟ್ಟಿಸಿ ನೋಡಿದ, ಸೊಂಟದಿಂದ ಹೆಗಲಿನವರೆಗೆ ಎರಡು ಸಲ ಚೆನ್ನಾಗಿಯೇ ನೀವಿದ. ಮೂರನೆಯ ಸಲ ಕೈ ಬೆನ್ನಿನ ನಡುವೆ ಬಂದಾಗ ಮೇಷ್ಟ್ರು ಕಣ್ಣು ತೆರೆಯದೆ ಕೇಳಿದರು, “ಈಗ ಎಲ್ಲಿಗೆ ಹೋಗಿದ್ಯಪ್ಪ?”

“ಬಸ್ಸಿನ ಟೈಮ್ ನೆನಪಾತ್ರಿ ಸರ.”

“ಗೊತ್ತಾಯ್ತು. ಬಸ್ಸು ಐದೂವರೆಗೆ. ಮತ್ತೆ ಸೊಂಟದಿಂದ ಶುರು ಮಾಡು.”

ಯಾರೂ ನಗಲಿಲ್ಲ, ಏಕೆಂದರೆ ಮುಂದಿನ ಸರದಿ ತಮ್ಮದೇ ಎಂದು ಎಲ್ಲರಿಗೂ ಗೊತ್ತಿತ್ತು. ಆ ಮೇಷ್ಟ್ರ ಗೋಡೆಯ ಮೇಲೆ ಒಂದೂ ಪ್ರಮಾಣಪತ್ರ ತೂಗುತ್ತಿರಲಿಲ್ಲ. ಆ ಅಂಕಪಟ್ಟಿಯಲ್ಲಿ ಅವರಿಗೆ ಎಷ್ಟು ಬಂದೀತು ಎಂದು ನೀವೇ ಲೆಕ್ಕ ಹಾಕಿ.

ಹೊಸ ಅಂಕಪಟ್ಟಿ ಬರೆಯುವ ಮೊದಲು ಹಳೆಯದನ್ನೊಮ್ಮೆ ನೋಡಬಹುದಿತ್ತು. ಚರಕ ಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಅದು ಸಿದ್ಧವಾಗಿಯೇ ಇದೆ, ಅದೂ ಶಿಷ್ಯನ ಕೈಗೆ ಕೊಟ್ಟ ಅಂಕಪಟ್ಟಿ. ವೈದ್ಯನಾಗಬೇಕೆನ್ನುವವನು ಮೊದಲು ಶಾಸ್ತ್ರವನ್ನು ಪರೀಕ್ಷಿಸಲಿ, ಆಮೇಲೆ ಆಚಾರ್ಯನನ್ನು ಪರೀಕ್ಷಿಸಲಿ ಎನ್ನುತ್ತಾನೆ ಚರಕ. ಓದು ನಿಚ್ಚಳವಾಗಿರಬೇಕು, ಕೆಲಸವನ್ನು ಕಣ್ಣಾರೆ ಕಂಡವನಾಗಿರಬೇಕು, ದಕ್ಷನೂ ಶುಚಿಯೂ ಆಗಿರಬೇಕು. ಕೈ ಪಳಗಿರಬೇಕು, ಜಿತಹಸ್ತ ಎಂದು ಅವನೇ ಹೆಸರಿಟ್ಟಿದ್ದಾನೆ. ಸಲಕರಣೆಗಳಿರಬೇಕು, ಇಂದ್ರಿಯಗಳು ನೆಟ್ಟಗಿರಬೇಕು, ಎದುರಿನ ದೇಹದ ಪ್ರಕೃತಿಯನ್ನು ಬಲ್ಲವನಾಗಿರಬೇಕು. ಇಷ್ಟಾದ ಮೇಲೆ ಪಟ್ಟಿ ಬೇರೆಯೇ ದಾರಿ ಹಿಡಿಯುತ್ತದೆ. ಅಹಂಕಾರ ಇರಬಾರದು, ಅಸೂಯೆ ಇರಬಾರದು, ಮೂಗಿನ ತುದಿಯಲ್ಲಿ ಕೋಪ ಇರಬಾರದು, ಕಷ್ಟ ಸಹಿಸಬೇಕು, ಶಿಷ್ಯರ ಮೇಲೆ ವಾತ್ಸಲ್ಯವಿರಬೇಕು. ಎಲ್ಲಕ್ಕೂ ಕೊನೆಗೆ, ತನಗೆ ತಿಳಿದದ್ದನ್ನು ಎದುರಿನವನಿಗೆ ತಿಳಿಯುವಂತೆ ಮಾಡುವ ಶಕ್ತಿ ಇರಬೇಕು. ಎಷ್ಟು ಜನರಿಗೆ ಕಲಿಸಿದ್ದಾನೆ ಎಂಬ ಪ್ರಶ್ನೆಯೇ ಆ ಪಟ್ಟಿಯಲ್ಲಿಲ್ಲ.

ಸುಶ್ರುತ ಇನ್ನೂ ಮುಂದೆ ಹೋಗುತ್ತಾನೆ. ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವಿಡೀ ಕೈ ಪಳಗಿಸುವ ಪಾಠ. ಕುಂಬಳ, ಸೋರೆ, ಸೌತೆಗಳ ಮೇಲೆ ಕೊಯ್ಯುವುದನ್ನು ಕಲಿ, ಬಟ್ಟೆಯ ಗೊಂಬೆಗೆ ಪಟ್ಟಿ ಸುತ್ತುವುದನ್ನು ಕಲಿ, ಆಮೇಲೆ ಮನುಷ್ಯನ ಹತ್ತಿರ ಹೋಗು. ಎಷ್ಟೇ ಓದಿಕೊಂಡಿದ್ದರೂ ಅಭ್ಯಾಸವಿಲ್ಲದವನು ಕೆಲಸಕ್ಕೆ ಯೋಗ್ಯನಲ್ಲ ಎಂದು ಖಡಾಖಂಡಿತವಾಗಿ ಹೇಳುತ್ತಾನೆ. ಶನಿವಾರ ಸೇರಿ ಭಾನುವಾರ ಸಂಜೆ ‘ಮಾಸ್ಟರ್ ಥೆರಪಿಸ್ಟ್’ ಆಗಿ ಹೊರಬೀಳುವವರು ಇದನ್ನು ಓದುವುದಿಲ್ಲ ಬಿಡಿ. ಅವರಿಗೆ ಕಲಿಸುವವರು ಓದಿರುತ್ತಾರೆ ಎಂಬ ಭರವಸೆಯೂ ನನಗಿಲ್ಲ.

ಪ್ರಸಂಗ ಬಂದಿದೆ, ಎರಡು ಹಳೆಯ ಬಾಕಿಗಳನ್ನು ತೀರಿಸಿಬಿಡುತ್ತೇನೆ.

ಮೊದಲನೆಯದು ಮಾತ್ರೆ ಎಣಿಸುವ ಪಂಥ. ಸುಶ್ರುತನ ಟೀಕಾಕಾರ ಡಲ್ಹಣ ಎಣ್ಣೆ ಒಳಗಿಳಿಯುವ ಕಾಲವನ್ನು ಮಾತ್ರೆಗಳಲ್ಲಿ ಹೇಳಿದ್ದಾನೆ: ಕೂದಲ ಬುಡಕ್ಕೆ 300, ಚರ್ಮಕ್ಕೆ 400, ಹೀಗೆ ನೂರು ನೂರು ಏರುತ್ತಾ ಮಜ್ಜೆಗೆ 900. ಸುಂದರವಾದ ಏಣಿ. ಆದರೆ ಅದನ್ನು ಗಿಣಿಪಾಠ ಒಪ್ಪಿಸುವ ಬೋಧಕರು ಊರ ತುಂಬ ಇದ್ದಾರೆ, ಅವರ ಅಂಗೈ ಮುಟ್ಟಿದರೆ ತಣ್ಣಗಿರುತ್ತದೆ. ಅಂಗೈ ಬಿಸಿ ಮಾಡಿಕೊಳ್ಳಲು ಬೇಕಾದ ಮಾತ್ರೆಗಳನ್ನು ಡಲ್ಹಣ ಹೇಳಿಲ್ಲ ಎಂಬ ಕಾರಣಕ್ಕೋ ಏನೋ.

ಎರಡನೆಯದು ನೋವಿನ ಪಂಥ. ‘ಅಯ್ಯೋ’ ಎನ್ನಿಸದಿದ್ದರೆ ಮಾಲೀಸೇ ಅಲ್ಲ ಎನ್ನುವವರು. ಮೊಣಕೈ ಊರಿ, ಮೂಗಿನಿಂದ ತೊಟ್ಟಿಕ್ಕುವಂತೆ ಬೆವರಿ, ಎದುರಿನವನ ಮುಖ ಕಿವುಚಿದ್ದನ್ನೇ ಯಶಸ್ಸೆಂದು ತಿಳಿಯುತ್ತಾರೆ. ಗರಡಿ ಮನೆಯ ಹೆಸರು ಹೇಳಿಕೊಂಡು ಇದನ್ನು ಮಾಡುತ್ತಾರೆ ಎಂಬುದೇ ನನ್ನ ತಕರಾರು. ಮೈಸೂರಿನ ಗರಡಿಗಳಲ್ಲಿ ಸಾಮು ಮುಗಿದ ಮೇಲೆ ಕಿರಿಯರು ಹಿರಿಯರ ಮೈ ತಿಕ್ಕುವುದನ್ನು ಹೋಗಿ ನೋಡಿ. ಉಸ್ತಾದರ ತೊಡೆ ಕಲ್ಲಿನಂತಿದ್ದರೂ ಹುಡುಗ ಅದನ್ನು ಜಜ್ಜುವುದಿಲ್ಲ. ಸ್ನಾಯು ತಾನಾಗಿ ಬಿಡುವವರೆಗೆ ಕಾಯುತ್ತಾನೆ, ಬಿಟ್ಟ ಮೇಲೆ ಒಳಗೆ ಹೋಗುತ್ತಾನೆ. ಕಾಯಲು ಕಲಿಸಿದವರು ಯಾರು? ಕಾಲು ಚಾಚಿ ಕೂತ ಉಸ್ತಾದರೇ.

ಒತ್ತಡದ ಮಾತು ಬಂದಾಗ ಇನ್ನೊಂದು ಕಡೆಯ ಸಾಕ್ಷಿಯೂ ಇರಲಿ. ಮಯಾಮಿಯ ಟಿಫನಿ ಫೀಲ್ಡ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ದಿನಕ್ಕೆ ಮೂರು ಸಲ 15 ನಿಮಿಷ ನೀವಿದಾಗ, ನೀವಿಸಿಕೊಳ್ಳದ ಕೂಸುಗಳಿಗಿಂತ ಅವುಗಳ ತೂಕ ಶೇ. 47ರಷ್ಟು ಹೆಚ್ಚು ಏರಿತು. ಕೈ ತೀರಾ ಹಗುರವಾದರೆ ಈ ಫಲ ಇಲ್ಲ, ಹದವಾದ ಒತ್ತಡ ಬೇಕು ಎಂಬುದು ಅವರ ಮುಂದಿನ ಕೆಲಸದಲ್ಲಿ ಸ್ಪಷ್ಟವಾಯಿತು. ಆ ಹದವನ್ನು ವಿಡಿಯೋ ತೋರಿಸಿ ಕಲಿಸುತ್ತೇನೆ ಎನ್ನುವವರಿಗೆ ನಾನು ಕೈ ಮುಗಿಯುತ್ತೇನೆ, ಬೆನ್ನು ಕೊಡುವುದಿಲ್ಲ.

ಕಲಿಸಿದವರ ಹೆಸರು ಉಳಿಯುವುದು ಅಪರೂಪ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಮಾನಸೋಲ್ಲಾಸ ಬರೆದ. ಅದರಲ್ಲಿ ರಾಜನ ಉಪಭೋಗಗಳು ಇಪ್ಪತ್ತು, ಪಾದಾಭ್ಯಂಗ ಅವುಗಳಲ್ಲೊಂದು. ಕಾಲು ನೀಡಿದವನ ಹೆಸರು ಬಿರುದುಬಾವಲಿ ಸಮೇತ ಉಳಿಯಿತು. ಕಾಲು ತಿಕ್ಕಿದವನ ಹೆಸರಿಲ್ಲ, ಅವನಿಗೆ ಕಲಿಸಿದವನ ಮಾತು ದೂರವೇ ಉಳಿಯಿತು. ಬ್ಯಾಂಕಾಕಿನ ವಾಟ್ ಫೋ ದೇವಾಲಯದಲ್ಲಿ 1955ರಿಂದ ನಡೆಯುತ್ತಿರುವ ಶಾಲೆಯ ಥಾಯ್ ಮಸಾಜ್ ಪರಂಪರೆ ಜೀವಕನನ್ನು ಮೂಲಗುರುವೆಂದು ನಮಿಸುತ್ತದೆ. ಬುದ್ಧನ ವೈದ್ಯನಾಗಿದ್ದ ಜೀವಕ ತಕ್ಷಶಿಲೆಯಲ್ಲಿ ಏಳು ವರ್ಷ ಕಲಿತ. ಕೊನೆಗೆ ಗುರು ಒಂದು ಗುದ್ದಲಿ ಕೊಟ್ಟು, ಊರ ಸುತ್ತ ಒಂದು ಯೋಜನ ಅಲೆದು ಮದ್ದಾಗದ ಗಿಡವೇನಾದರೂ ಸಿಕ್ಕರೆ ತಾ ಎಂದ. ಜೀವಕ ಬರಿಗೈಲಿ ಬಂದ, ಗುರು ಅವನನ್ನು ಉತ್ತೀರ್ಣ ಮಾಡಿ ದಾರಿಖರ್ಚು ಕೊಟ್ಟು ಕಳಿಸಿದ. ಇಂಥ ಪ್ರಶ್ನೆಪತ್ರಿಕೆ ಬರೆದ ಆ ಗುರುವಿನ ಹೆಸರನ್ನು ಪಾಲಿ ವಿನಯಪಿಟಕ ಹೇಳುವುದೇ ಇಲ್ಲ.

ಹೆಸರು ಉಳಿದವರಲ್ಲಿ ನನಗೆ ಅತ್ಯಂತ ಇಷ್ಟದವನು ಜಪಾನಿನ ಸುಗಿಯಾಮಾ ವೈಚಿ (1610–1694). ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡವನು. ಅಲ್ಲಿ ಆಗ ಅಂಧರಿಗೆ ತೆರೆದಿದ್ದ ಕಸುಬುಗಳು ಕೆಲವೇ. ಅನ್ಮಾ ಎಂಬ ಅಂಗಮರ್ದನ ಮತ್ತು ಸೂಜಿಚಿಕಿತ್ಸೆ ಅವುಗಳಲ್ಲಿದ್ದವು. ಎಡೋ ನಗರದ ಗುರುವೊಬ್ಬನ ಬಳಿ ಸೇರಿದ. ಇವನು ಮಂಕ, ಮರೆಗುಳಿ, ಕೈ ಒರಟು ಎಂದು ಗುರು ಹೊರಗೆ ಹಾಕಿದ. ಸುಗಿಯಾಮಾ ಎನೋಶಿಮಾ ದ್ವೀಪಕ್ಕೆ ಹೋಗಿ ಬೆನ್ಝೈತೆನ್ ದೇವಿಯ ಮುಂದೆ ಉಪವಾಸ ಕೂತ. ಬೆನ್ಝೈತೆನ್ ಎಂದರೆ ಬೌದ್ಧರ ಜೊತೆ ಅಷ್ಟು ದೂರ ನಡೆದುಹೋದ ನಮ್ಮ ಸರಸ್ವತಿಯೇ. ಮರಳುವಾಗ ಕಲ್ಲು ಎಡವಿ ಬಿದ್ದನಂತೆ, ಸುರುಳಿಯಾದ ಎಲೆಯೊಳಗಿದ್ದ ಪೈನ್ ಮರದ ಮುಳ್ಳೆಲೆ ಚುಚ್ಚಿತಂತೆ. ಅಲ್ಲಿಂದ ಹೊಳೆದದ್ದು ಸೂಜಿಗೊಂದು ಕೊಳವೆ. ಸಣ್ಣ ಕೊಳವೆಯಲ್ಲಿ ಸೂಜಿ ಇಳಿಬಿಟ್ಟು ಮೇಲಿನಿಂದ ಬೆರಳಲ್ಲಿ ತಟ್ಟಿದರೆ ಸಾಕು, ಹೆಚ್ಚು ನೋವಿಲ್ಲದೆ ನೆಟ್ಟಗೆ ಚರ್ಮ ದಾಟುತ್ತದೆ. ಇಂದಿಗೂ ಆ ಕೊಳವೆ ಬಳಕೆಯಲ್ಲಿದೆ.

ಎಡವಿದ ಕತೆ ಐತಿಹ್ಯವೇ ಇರಬಹುದು. ನನಗೆ ಮುಖ್ಯವಾದದ್ದು ಆಮೇಲಿನದು. ಶೋಗನ್ ತ್ಸುನಾಯೋಶಿಯ ಕಾಯಿಲೆಗೆ ಚಿಕಿತ್ಸೆ ಕೊಟ್ಟು ಮೆಚ್ಚುಗೆ ಪಡೆದವನು ಅರಮನೆಯ ವೈದ್ಯನಾಗಿ ಆರಾಮಾಗಿ ಇರಬಹುದಿತ್ತು. ಅವನು ಅಂಧರಿಗೆ ಶಾಲೆ ತೆರೆದ. ಏನು ಬೇಕು ಕೇಳು ಎಂದ ಶೋಗನ್‌ಗೆ ‘ಒಂದು ಕಣ್ಣು’ ಎಂದನಂತೆ. ಅದನ್ನು ಕೊಡಲಾಗದ ದೊರೆ ‘ಒಂದು ಕಣ್ಣು’ ಎಂಬ ಅರ್ಥವೂ ಬರುವ ಹಿತೋತ್ಸುಮೆ ಎಂಬ ಕಡೆ ಜಾಗ ಕೊಟ್ಟನಂತೆ. ಟೋಕಿಯೋದ ಸುಮಿದಾದಲ್ಲಿ ಅವನ ಹೆಸರಿನ ಗುಡಿ ಈಗಲೂ ಇದೆ. ಜಪಾನಿನ ಅಂಧರ ಶಾಲೆಗಳಲ್ಲಿ ಅನ್ಮಾ, ಶಿಯಾತ್ಸು ಕಲಿಸುವ ರೂಢಿ ಇನ್ನೂ ನಡೆದಿದೆ. ತನ್ನನ್ನು ದಡ್ಡನೆಂದು ಹೊರದೂಡಿದ್ದನ್ನು ಮರೆಯದೆ, ದಡ್ಡನ ಕೈಗೂ ದಕ್ಕುವ ವಿಧಾನ ಕಂಡುಹಿಡಿದನಲ್ಲ, ಶ್ರೇಷ್ಠ ಬೋಧಕ ಎಂದರೆ ಅವನು. ಜಾಣ ಶಿಷ್ಯ ಯಾರ ಬಳಿಯಾದರೂ ಕಲಿಯುತ್ತಾನೆ. ಅವನನ್ನು ತೋರಿಸಿ ಗುರು ಬೀಗುವುದರಲ್ಲಿ ಹುರುಳಿಲ್ಲ.

ನಮ್ಮ ಕಡೆಯ ಹೆಂಗಸರ ಮಾತಿಗೆ ಬರುತ್ತೇನೆ. ಫ್ರಾನ್ಸಿನ ಹೆರಿಗೆ ವೈದ್ಯ ಫ್ರೆಡರಿಕ್ ಲೆಬೋಯೆ ಕಲ್ಕತ್ತೆಯಲ್ಲಿ ತಾಯಿಯೊಬ್ಬಳು ಕೂಸಿಗೆ ಎಣ್ಣೆ ನೀವುವುದನ್ನು ಕೂತು ನೋಡಿದ. 1976ರಲ್ಲಿ ಪುಸ್ತಕ ತಂದು, ಅದಕ್ಕೆ ಅವಳ ಹೆಸರನ್ನೇ ಇಟ್ಟ: ಶಾಂತಲಾ. ಬ್ರೆಜಿಲಿನಲ್ಲಿ ಈಗ ಕೂಸಿನ ಮಾಲೀಸಿಗೇ ಶಾಂತಲಾ ಎನ್ನುತ್ತಾರೆ. ಬೇಲೂರಿನ ರಾಣಿಗೂ ಇಷ್ಟು ದೂರದ ಕೀರ್ತಿ ಸಿಕ್ಕಿರಲಾರದು. ಆ ಚಿತ್ರಗಳಲ್ಲಿ ಅವಳು ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡ ಭಂಗಿ ನಮ್ಮ ಬಚ್ಚಲಲ್ಲಿ ಎರೆಯುವ ಅಜ್ಜಿಯರದೇ. ಬಾಣಂತಿಗೂ ಕೂಸಿಗೂ ಎರೆಯಲು ಬರುವಾಕೆ ಮನೆಯ ಹುಡುಗಿಯ ಕೈಯನ್ನು ತನ್ನ ಕೈಕೆಳಗೆ ಇಟ್ಟುಕೊಂಡು, “ಹಗುರ ಕಣೇ, ಹಿಟ್ಟು ನಾದ್ತಿದೀಯಾ?” ಎಂದು ಗದರುತ್ತಾಳಲ್ಲ, ಅದಕ್ಕಿಂತ ಒಳ್ಳೆಯ ಪಾಠಕ್ರಮ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ತುಮಕೂರು ವಿಶ್ವವಿದ್ಯಾಲಯ ಅದಕ್ಕೂ ಮೊದಲೇ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಹಾಗೆ ಗುರುತಿಸಿಕೊಂಡವರು ಅವರೊಬ್ಬರು. ಗುರುತಿಲ್ಲದವರು ಹಳ್ಳಿಗೊಬ್ಬರಿದ್ದರು.

ಪ್ರಶಸ್ತಿಯವರಿಗೆ ನನ್ನ ಷರತ್ತು ಬರೆದು ಕಳಿಸಿದ್ದೇನೆ. ಬೋಧಕರು ವೇದಿಕೆಗೆ ಬರುವುದು ಬೇಡ. ಒಬ್ಬೊಬ್ಬರ ತಂಡದಿಂದ ಕೊನೆಯ ಸಾಲಿನ ಶಿಷ್ಯನನ್ನು ಕಳಿಸಲಿ, ತೀರ್ಪುಗಾರರು ಮಲಗೋಣ, ಅಂಕ ಆಮೇಲೆ. ಎದ್ದು ಕೂತ ಮೇಲೆ ಶಿಷ್ಯನಿಗೆ ಒಂದೇ ಪ್ರಶ್ನೆ: ಯಾರನ್ನು ಮುಟ್ಟಬಾರದು? ಅಜೀರ್ಣವಾದವನಿಗೆ, ಕಫ ಕಟ್ಟಿದವನಿಗೆ, ಆಗಷ್ಟೇ ಶೋಧನ ಮುಗಿಸಿದವನಿಗೆ ಅಭ್ಯಂಗ ಕೂಡದು ಎಂದು ವಾಗ್ಭಟನ ಮಾತು ಹೇಳಿದರೆ ಪಾಸು. ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದೆ ಎಂದವನನ್ನು ಎಣ್ಣೆ ಮುಟ್ಟಿಸದೆ ಆಸ್ಪತ್ರೆಗೆ ಕಳಿಸುತ್ತೇನೆ, ನಾಳದಲ್ಲಿ ಕಟ್ಟಿದ ಹೆಪ್ಪು ಒತ್ತಿದರೆ ಕದಲಿ ಶ್ವಾಸಕೋಶಕ್ಕೆ ಹೋಗಬಹುದು ಎಂದರೆ, ಅವನ ಗುರುವಿಗೆ ಶಾಲು.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಬಾಣಂತನ ಬಂದರೆ, ಎರೆಯಲು ಬರುವ ಅಜ್ಜಿಗೆ ಕೂಲಿ, ಸೀರೆ, ಎಲೆಅಡಿಕೆ ಕೊಡುವುದು ಇದ್ದೇ ಇದೆ. ಈ ಸಲ ಮಗಳನ್ನೋ ಸೊಸೆಯನ್ನೋ, ಅಳಿಯನಾದರೂ ಸರಿ, ಪಕ್ಕದಲ್ಲಿ ಕೂರಿಸಿ ಕಲಿಸಲು ಹೇಳಿ. ಕಲಿಸಿದ್ದಕ್ಕೆ ಬೇರೆ ದುಡ್ಡು ಕೊಡಿ.