ಧಾರಾವಾಹಿಯ ವಿಧುರನಾಯಕನನ್ನು ನೋಡುವ ಬಗೆ

ನಮ್ಮ ಸಿದ್ದಾಪುರದ ಸುತ್ತಿನ ಹಳ್ಳಿಗಳಲ್ಲಿ ಬಯಲಾಟವನ್ನು ನೋಡತಕ್ಕವರಿಗೆ ಯಾರೂ ಪಾಠ ಹೇಳಬೇಕಾದುದಿಲ್ಲ. ವೇಷವು ರಂಗಕ್ಕೆ ಬರುವಾಗಲೇ ಅದರ ಹೆಜ್ಜೆಯನ್ನು ಕಂಡು, ಇವನು ಇಂಥವನೆಂದೂ ಇವನಿಂದ ಇಂಥದನ್ನು ನಿರೀಕ್ಷಿಸಬಹುದೆಂದೂ ತಿಳಿಯುವ ವಿವೇಕವು ಅವರಿಗೆ ಪರಂಪರಾಗತವಾಗಿ ಬಂದಿರುತ್ತದೆ. ಅದೇ ಜನ ಸಂಜೆಯ ಹೊತ್ತು ಟಿ.ವಿ.ಯ ಮುಂದೆ ಕುಳಿತು ನೋಡುವ ಧಾರಾವಾಹಿಗೆ ಮಾತ್ರ, ವಿದ್ಯಾವಂತರ ಅನಾದರದ ಫಲವಾಗಿ, ಅಂಥ ರಸಿಕಮಾರ್ಗವೊಂದು ಇನ್ನೂ ರೂಪುಗೊಂಡಿಲ್ಲ. ಹೊಸಬರು ಎರಡು ದಿನ ನೋಡಿ, ಕಥೆ ಒಂದಂಗುಲವೂ ಸರಿಯಲಿಲ್ಲವೆಂದು ಬೇಸತ್ತು ಎದ್ದುಹೋಗುತ್ತಾರೆ. ಅಂಥವರಿಗಾಗಿ, ಪತ್ನೀವಿಯೋಗದ ದುಃಖವನ್ನು ಹೊತ್ತವನೊಬ್ಬನು ಮತ್ತೆ ಪ್ರೀತಿಸಲು ಹೊರಟಾಗ ಏನಾಗುವುದೆಂಬುದನ್ನು ಈ ನಿಧಾನಗತಿಯ ಪ್ರಕಾರವು ಹೇಗೆ ತೋರಬಲ್ಲದು, ಎಲ್ಲಿ ತೋರದೆ ಜಾರಿಕೊಳ್ಳುತ್ತದೆ ಎಂಬುದನ್ನು ನಿರೂಪಿಸಲೆಳಸುತ್ತೇನೆ.

ಜೀ ಕನ್ನಡ ವಾಹಿನಿಯಲ್ಲಿ 2019ರಲ್ಲಿ ಆರಂಭವಾದ, ಆರೂರು ಜಗದೀಶರು ನಿರ್ದೇಶಿಸಿದ ‘ಜೊತೆ ಜೊತೆಯಲಿ’ಯನ್ನೇ ತೆಗೆದುಕೊಳ್ಳೋಣ. ಅನಿರುದ್ಧರು ಅಭಿನಯಿಸಿದ ಆರ್ಯವರ್ಧನನು ನಡುವಯಸ್ಸಿನ ಸಿರಿವಂತ ಉದ್ಯಮಿ. ಮೇಘಾ ಶೆಟ್ಟಿಯವರ ಅನು ಸಿರಿಮನೆ ಸಾಮಾನ್ಯ ಸಂಸಾರವೊಂದರ ಎಳೆಯ ಹೆಣ್ಣುಮಗಳು. ಇವರಿಬ್ಬರ ನಡುವೆ, ತೀರಿಹೋದ ಮೊದಲ ಹೆಂಡತಿ ರಾಜನಂದಿನಿ. ಕಟ್ಟೆಯ ಮೇಲೆ ಕುಳಿತವರು ವಯಸ್ಸಿನ ಅಂತರವನ್ನೇ ಹಿಡಿದು ವಾದಿಸುತ್ತಿದ್ದರು. ಅದು ಪ್ರೋಮೋಗಳಿಗೆ ಒದಗಿದ ವಿಷಯವೇ ಹೊರತು ಕಥೆಯ ತಿರುಳಲ್ಲವೆಂದು ನನ್ನ ಮತ.

ನೋಡತೊಡಗಿದವರು ಮೊದಲು ಬಿಡತಕ್ಕದ್ದು ಕಣ್ಣೀರಿನ ಮೇಲಣ ನಂಬುಗೆಯನ್ನು. ಧಾರಾವಾಹಿಯಲ್ಲಿ ಅಳು ಅಗ್ಗ. ಹಿನ್ನೆಲೆಯ ಕೊಳಲು ಮೊದಲಿಟ್ಟೊಡನೆ ಕ್ಯಾಮೆರಾ ಮನೆಮಂದಿಯ ಮುಖಗಳನ್ನೆಲ್ಲ ಒಂದು ಸುತ್ತು ಸುತ್ತಿಬರುತ್ತದೆ, ಎಪಿಸೋಡೂ ತುಂಬುತ್ತದೆ. ದುಃಖವು ನಿಜವಾಗಿ ನೆಲಸಿರುವುದು ಪಾತ್ರದ ಆಯ್ಕೆಗಳಲ್ಲಿ: ಹಾರ ಹಾಕಿದ ಪಟದೆದುರು ಅವನು ಯಾರನ್ನು ಕರೆತರುತ್ತಾನೆ, ಹೊಸಬಳಿಗೆ ಏನನ್ನು ಕೊಡುತ್ತಾನೆ, ಯಾವ ಪ್ರಶ್ನೆ ಬಂದಾಗ ಮಾತು ಮರೆಸುತ್ತಾನೆ ಎಂಬುದರಲ್ಲಿ. ನಾಯಕನು ಸೀರೆ ಕೊಡಿಸುವ ದೃಶ್ಯವೊಂದನ್ನು ಊಹಿಸಿಕೊಳ್ಳಿ. ಅಂಗಡಿಯವನು ಹತ್ತು ಸೀರೆಗಳನ್ನು ಬಿಡಿಸಿ ಹಾಸಿದಾಗ ಅವನು ಪಕ್ಕದಲ್ಲಿ ನಿಂತವಳ ಮೈಬಣ್ಣವನ್ನೊಮ್ಮೆ ನೋಡಿ ಆರಿಸಿದನೊ, ಅಥವಾ ಅವಳತ್ತ ತಿರುಗದೆಯೇ ಒಂದು ಬಣ್ಣಕ್ಕೆ ಕೈಯಿಟ್ಟನೊ? ತಿರುಗದೆ ಕೈಯಿಟ್ಟನಾದರೆ ಆ ಸೀರೆ ಇವಳಿಗಾಗಿ ಕೊಂಡದ್ದಲ್ಲ. ಮೊಳಕಾಲ್ಮೂರಿನ ಮಗ್ಗದ ಮನೆಗಳ ಹೆಂಗಸರು, ರೇಷ್ಮೆಯ ಅಂಚು ಸೆರಗುಗಳ ನಡುವೆಯೇ ಬಾಳು ಸವೆಸಿದವರಾದುದರಿಂದ, ಇಂಥದನ್ನು ನಮಗಿಂತ ಮೊದಲೇ ಹಿಡಿದುಬಿಡುತ್ತಾರೆ. ಹೊಸ ರಸಿಕನು ಅವರ ಪಕ್ಕದಲ್ಲಿ ಕುಳಿತು ನೋಡುವುದು ಲೇಸು.

ಇನ್ನು ಶಾಸ್ತ್ರದ ಮಾತು. 14ನೆಯ ಶತಮಾನದ ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ಈ ವಿಷಯವನ್ನು ಬಹು ನವಿರಾಗಿ ವಿಂಗಡಿಸಿದ್ದಾನೆ. ಪ್ರೇಮಿಗಳಲ್ಲೊಬ್ಬರು ಲೋಕಾಂತರಕ್ಕೆ ಹೋಗಿಯೂ ಮರಳಿ ದೊರೆಯುವರಾದರೆ ಉಳಿದವರ ಅಳಲು ಕರುಣವಿಪ್ರಲಂಭವೆಂಬ ಶೃಂಗಾರಭೇದ. ದೊರೆಯದೆಯೇ ಹೋದರೆ, ಅಥವಾ ಬೇರೊಂದು ಶರೀರದಿಂದ ದೊರೆತರೆ, ಅದು ಬರಿಯ ಕರುಣರಸವೇ. ಕರುಣವಿಪ್ರಲಂಭಕ್ಕೆ ಅವನು ತೋರುವ ನಿದರ್ಶನ ‘ಕಾದಂಬರಿ’ಯ ಪುಂಡರೀಕ ಮಹಾಶ್ವೇತೆಯರ ವೃತ್ತಾಂತ. ಬಾಣನಿಂದ ಈ ಕಥೆಯನ್ನು ಕನ್ನಡಕ್ಕೆ ತಂದವನು ನಮ್ಮ ನಾಗವರ್ಮ. ಅಚ್ಛೋದ ಸರಸ್ಸಿನ ತೀರದಲ್ಲಿ, ತೀರಿಹೋದ ಇನಿಯ ಪುಂಡರೀಕನಿಗಾಗಿ ತಪಸ್ಸು ಮಾಡುತ್ತಿರುವ ಮಹಾಶ್ವೇತೆಯ ಬಳಿಗೆ, ಅದೇ ಇನಿಯನು ವೈಶಂಪಾಯನನಾಗಿ ಹುಟ್ಟಿ, ಕಾರಣವರಿಯದ ಮೋಹದಿಂದ ಬಂದು ಬೇಡಿದಾಗ, ಆಕೆ ಅವನನ್ನು ಗುರುತಿಸದೆ, ಗಿಣಿಯಾಗೆಂದು ಶಪಿಸುತ್ತಾಳೆ. ಯಾರಿಗಾಗಿ ಕಾದಿದ್ದಳೋ ಅವನನ್ನೇ ಅವಳ ನಿಷ್ಠೆ ದೂರ ತಳ್ಳುತ್ತದೆ. ಶೋಕವು ಮುಂದಿನ ಒಲವನ್ನು ಹೇಗೆ ತಿದ್ದುತ್ತದೆಂಬುದಕ್ಕೆ ಇದಕ್ಕಿಂತ ಕಠೋರವಾದ ಪ್ರಸಂಗವನ್ನು ನಾನು ಕಂಡಿಲ್ಲ.

ಈ ಒರೆಗಲ್ಲಿಗೆ ನಮ್ಮ ಧಾರಾವಾಹಿಯನ್ನು ಉಜ್ಜಿ ನೋಡಿದರೆ ಅದರ ಜಾಣತನವೂ ಅಳುಕೂ ಒಟ್ಟಿಗೇ ಕಾಣುತ್ತವೆ. ಅನುವೇ ರಾಜನಂದಿನಿಯ ಮರುಹುಟ್ಟೆಂದು ಕಥೆ ತಿರುವು ಪಡೆದುದರಿಂದ ನಾಯಕನ ಮೇಲೆ ದ್ರೋಹದ ಆರೋಪವೇನೋ ತಪ್ಪಿತು: ಅವನು ಎರಡನೆಯವಳನ್ನು ಒಲಿಯಲೇ ಇಲ್ಲ, ಮೊದಲನೆಯವಳನ್ನೇ ಎರಡನೆಯ ಸಲ ಒಲಿದ. ಆದರೆ ಸಿರಿಮನೆಯವರ ಮನೆಯಲ್ಲಿ ಬೆಳೆದು, ತಂದೆತಾಯಿಗಳನ್ನು ಎದುರಿಸಿ, ತನ್ನ ಸ್ವಂತ ಬುದ್ಧಿಯಿಂದ ಅವನನ್ನು ಆರಿಸಿಕೊಂಡ ಆ ಹುಡುಗಿಯ ಪಾಲಿಗೆ ಏನುಳಿಯಿತು? ಅವಳ ಒಲವೂ ಇನ್ನೊಬ್ಬಳ ಬಾಕಿಯಾಯಿತು. ವಿಶ್ವನಾಥನ ಲೆಕ್ಕದಲ್ಲಾದರೆ ಬೇರೆ ಶರೀರದಿಂದ ಬಂದ ರಾಜನಂದಿನಿಯು ಬಂದಂತಲ್ಲ. ಶೃಂಗಾರದ ಸಂಗೀತವೆಷ್ಟೇ ಮೊಳಗಿದರೂ ಕಥೆ ಕರುಣದಲ್ಲಿಯೇ ನಿಂತಿದೆ. ಬಯಲುಸೀಮೆಯ ಹಲವು ಸಮುದಾಯಗಳಲ್ಲಿ ಗಂಡ ಸತ್ತವಳಿಗೆ ಸೀರೆಯುಡಿಸಿ ಮತ್ತೊಂದು ಮನೆ ತುಂಬಿಸುವ ಉಡಿಕೆಯ ಪದ್ಧತಿಯು ಹಿಂದಿನಿಂದ ನಡೆದುಬಂದಿರುವುದಷ್ಟೆ. ಅಲ್ಲಿ ಯಾರೂ ಪುನರ್ಜನ್ಮದ ಸಾಕ್ಷ್ಯವನ್ನು ಕೇಳುತ್ತಿರಲಿಲ್ಲ. ಪೇಟೆಯ ಕಥೆಗಾರರಿಗೇ ಈ ಭೀತಿ.

ನಮ್ಮ ಧಾರಾವಾಹಿಗೆ ಮೂಲವಾದ ಮರಾಠಿಯ ‘ತುಲಾ ಪಾಹತೇ ರೇ’ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸುಬೋಧ ಭಾವೆಯವರ ನಾಯಕನನ್ನು ಮೊದಲ ಹೆಂಡತಿಯ ಕೊಲೆಗಾರನೆಂದೇ ತೋರಿಸಿತು. ಅದನ್ನು ಬಲ್ಲವನು ಮೊದಲ ಕಂತುಗಳಿಗೆ ಹಿಂದಿರುಗಿದರೆ, ಅದೇ ಮೌನ, ಅದೇ ಸಂಯಮ, ಅದೇ ಹಿಂಜರಿಕೆಗಳು ಶೋಕದ ಬದಲು ಅಪರಾಧದ ಲಕ್ಷಣಗಳಾಗಿ ಬೇರೆಯೇ ಕಥೆಯನ್ನು ಹೇಳುತ್ತವೆ. ಎರಡು ಅರ್ಥಕ್ಕೂ ಒದಗುವಂತೆ ನಟಿಸುವುದು ಸುಲಭವಲ್ಲ. ಧಾರಾವಾಹಿಯ ನಟರನ್ನು ಹಳಿಯುವವರು ಇದನ್ನೊಮ್ಮೆ ಪರಿಶೀಲಿಸಬೇಕು.

ಕೊನೆಯದಾಗಿ ಒಂದು ಸೂಚನೆ, ಭಾಸನಿಂದ ಕಲಿತದ್ದು. ‘ಸ್ವಪ್ನವಾಸವದತ್ತ’ದ ನಾಲ್ಕನೆಯ ಅಂಕದಲ್ಲಿ ಉದಯನನು, ಪದ್ಮಾವತಿಯನ್ನು ವರಿಸಿಯೂ ತನ್ನ ಮನಸ್ಸು ಸತ್ತಳೆಂದು ತಿಳಿದಿರುವ ವಾಸವದತ್ತೆಯಲ್ಲಿಯೇ ನೆಟ್ಟಿದೆಯೆಂದು ವಿದೂಷಕನಲ್ಲಿ ಒಪ್ಪಿಕೊಳ್ಳುವಾಗ, ಆ ಇಬ್ಬರು ಹೆಂಡಿರೂ ಲತಾಮಂಟಪದ ಮರೆಯಲ್ಲಿ ಅದನ್ನು ಕೇಳುತ್ತಿರುತ್ತಾರೆ. ಮಾತು ರಾಜನದಾದರೂ ನಾಟಕ ನಡೆಯುವುದು ಆ ಮರೆಯಲ್ಲಿ. ಆದುದರಿಂದ ಧಾರಾವಾಹಿಯ ನಾಯಕನು ಗತಿಸಿದವಳ ಕಥೆಯನ್ನು ಹೇಳತೊಡಗಿದಾಗ ಫ್ಲ್ಯಾಶ್‌ಬ್ಯಾಕಿನ ಹೂದೋಟಗಳಿಗೆ ಮರುಳಾಗದೆ, ಕ್ಯಾಮೆರಾ ನಡುನಡುವೆ ಕೇಳುತ್ತಿರುವವಳ ಕಡೆಗೆ ಎಷ್ಟು ಸಲ ತಿರುಗಿತೆಂಬುದನ್ನು ಎಣಿಸಿಕೊಳ್ಳಿ. ಒಮ್ಮೆಯೂ ತಿರುಗದಿದ್ದರೆ ಚಾನೆಲ್ ಬದಲಿಸಲು ಅಡ್ಡಿಯಿಲ್ಲ.