ಹಾಡು ಯಾರದು? – ಮರುಹಾಡಿಕೆಯನ್ನು ಕುರಿತು ಒಂದು ವಿಚಾರ

ಒಬ್ಬರು ಹಾಡಿ ಪ್ರಸಿದ್ಧಗೊಳಿಸಿದ ಹಾಡನ್ನು ಮತ್ತೊಬ್ಬರು ಹಾಡಿದರೆ, ನಮ್ಮ ವಿಮರ್ಶೆ ಅದನ್ನು ಎರಡನೆಯ ಪಂಕ್ತಿಯಲ್ಲಿ ಕೂರಿಸುವುದು ರೂಢಿ. ಇದಕ್ಕೆ ಕಾರಣವಿಲ್ಲದಿಲ್ಲ. 1980ರ ದಶಕದಲ್ಲಿ ಕ್ಯಾಸೆಟ್ಟುಗಳು ಅಗ್ಗವಾದಾಗ ಹಳೆಯ ಹಿಂದಿ ಚಿತ್ರಗೀತೆಗಳನ್ನು ಹೊಸ ಕಂಠಗಳಲ್ಲಿ ಮುದ್ರಿಸಿ ಮಾರುವ ಉದ್ಯಮವೇ ಬೆಳೆಯಿತು. ಅವುಗಳಲ್ಲಿ ಬಹುಪಾಲು ಮೂಲದ ನೆರಳುಗಳು. ಕವರ್ ಎಂದು ಇಂದು ಎಲ್ಲರೂ ಕರೆಯುವ ಈ ಪ್ರಕಾರವನ್ನು ಇಲ್ಲಿ ಮರುಹಾಡಿಕೆ ಎಂದು ಕರೆಯುತ್ತೇನೆ. ಅದು ಒಮ್ಮೊಮ್ಮೆ ಮೂಲವನ್ನು ಸರಿಗಟ್ಟುವುದೂ, ಅಪೂರ್ವವಾಗಿ ಮೀರುವುದೂ ಉಂಟು. ಹೇಗೆ ಎಂಬುದೇ ನಮ್ಮ ಪ್ರಶ್ನೆ.

ಈ ಪ್ರಶ್ನೆ ನನ್ನಲ್ಲಿ ಎದ್ದುದಕ್ಕೆ ಒಂದು ಸಣ್ಣ ಪ್ರಸಂಗ ಕಾರಣ. ಕೆಲವು ವರ್ಷಗಳ ಹಿಂದೆ ಇಲ್ಲಿಯ ಕನ್ನಡ ಮಕ್ಕಳ ಭಾವಗೀತೆ ಸ್ಪರ್ಧೆಯೊಂದರಲ್ಲಿ ನಾನು ತೀರ್ಪುಗಾರನಾಗಿ ಕುಳಿತಿದ್ದೆ. ಒಬ್ಬ ಬಾಲಿಕೆ ಪ್ರಸಿದ್ಧ ಗೀತೆಯೊಂದನ್ನು, ಧ್ವನಿಮುದ್ರಿಕೆಯಲ್ಲಿ ಇರುವುದಕ್ಕಿಂತ ಬಹಳ ನಿಧಾನವಾಗಿ, ತನಗೆ ತಾನೇ ಹೇಳಿಕೊಳ್ಳುವಂತೆ ಹಾಡಿದಳು. ಮೂಲದಂತಿಲ್ಲವೆಂದು ನಾನು ಅಂಕ ಕಳೆದೆ. ಚೆಕ್ಕಿನ ಮೇಲಣ ಸಹಿಯನ್ನು ಮಾದರಿ ಸಹಿಯೊಡನೆ ಹೋಲಿಸಿ ನೋಡುವುದೇ ಬದುಕಾದ ಬ್ಯಾಂಕಿನವನಿಗೆ ಅದು ಸಹಜವಾದ ತೀರ್ಪು. ಆದರೆ ಆ ದನಿ ಮಾತ್ರ ನನ್ನ ಕಿವಿಯಿಂದ ಹೋಗಲಿಲ್ಲ.

ಅನಂತರ ನಾನು ಅಮೆರಿಕದ ಜನಪ್ರಿಯ ಸಂಗೀತದತ್ತ ತಿರುಗಿದೆ. ಅಲ್ಲಿ ಮೂಲವೂ ಮರುಹಾಡಿಕೆಯೂ ಮುದ್ರಿಕೆಗಳಲ್ಲಿ ಅಕ್ಕಪಕ್ಕದಲ್ಲಿ ಉಳಿದಿರುವುದರಿಂದ ತುಲನೆ ಸುಲಭ. ಮರುಹಾಡಿಕೆಗೆ ಅಂಟಿದ ಕೆಟ್ಟ ಹೆಸರಿನ ಮೂಲವೂ ಅಲ್ಲಿ ಕಾಣುತ್ತದೆ. 1955ರಲ್ಲಿ ಕರಿಯ ಗಾಯಕ ಲಿಟಲ್ ರಿಚರ್ಡ್ ಹಾಡಿದ ‘ಟುಟಿ ಫ್ರುಟಿ’ಯನ್ನು ಮರುವರ್ಷವೇ ಬಿಳಿಯ ಗಾಯಕ ಪ್ಯಾಟ್ ಬೂನ್ ಹಾಡಿದನು, ಜನಪ್ರಿಯತೆಯ ಪಟ್ಟಿಯಲ್ಲಿ ಬೂನನದೇ ಮೇಲಕ್ಕೇರಿತು. ರಿಚರ್ಡನ ಕೇಕೆಯಲ್ಲಿ ಇದ್ದ ಉನ್ಮಾದ ಬೂನನಲ್ಲಿ ಸಭ್ಯವಾದ ಪಾಠವಾಗಿದೆ. ಮಾರುಕಟ್ಟೆ ಮೆಚ್ಚಿದ್ದನ್ನು ಕಾಲ ಮೆಚ್ಚಲಿಲ್ಲ.

ಇದಕ್ಕೆ ಪ್ರತಿಯಾಗಿ ‘ರೆಸ್ಪೆಕ್ಟ್’ ಎಂಬ ಹಾಡನ್ನು ನೋಡಬೇಕು. ಇದನ್ನು ರಚಿಸಿ 1965ರಲ್ಲಿ ಮುದ್ರಿಸಿದವನು ಓಟಿಸ್ ರೆಡಿಂಗ್. ದುಡಿದು ದಣಿದು ಮನೆಗೆ ಬರುವ ಗಂಡಸು, ಸಂಪಾದನೆಯನ್ನೆಲ್ಲ ಕೊಡುತ್ತೇನೆ, ಮನೆಯಲ್ಲಿ ನನಗೆ ಸ್ವಲ್ಪ ಮರ್ಯಾದೆ ಸಲ್ಲಲಿ ಎಂದು ಹೆಂಗಸಿನ ಮುಂದೆ ಅಂಗಲಾಚುವುದು ಅದರ ವಸ್ತು. ಹಾಡು ಚೆನ್ನಾಗಿಯೇ ಇದೆ. ತುತ್ತೂರಿಗಳ ಮೇಳ ಬಿರುಸಾಗಿದೆ. 1967ರ ಫೆಬ್ರವರಿಯಲ್ಲಿ ಅರೀಥಾ ಫ್ರಾಂಕ್ಲಿನ್ ಅದನ್ನೇ ನ್ಯೂಯಾರ್ಕಿನಲ್ಲಿ ಹಾಡಿದಳು. ಈಗ ಕೇಳುವವಳು ಹೆಂಗಸು. ಹಣ ತನ್ನಲ್ಲಿಯೂ ಉಂಟೆಂದು ಹೇಳುವವಳು. ಗಂಡಸಿನ ಬಾಯಲ್ಲಿ ಬೇಡಿಕೆಯಾಗಿದ್ದುದು ಇವಳ ಬಾಯಲ್ಲಿ ಹಕ್ಕಾಯಿತು. ಮೂಲದಲ್ಲಿ ಇಲ್ಲದ ಒಂದು ಭಾಗವನ್ನು ಅವಳು ಸೇರಿಸಿದಳು: ಮರ್ಯಾದೆ ಎಂಬರ್ಥದ ಆ ಇಂಗ್ಲಿಷ್ ಪದದ ಏಳು ಅಕ್ಷರಗಳನ್ನು, ದಡ್ಡ ಹುಡುಗನಿಗೆ ಕಾಗುಣಿತ ಕಲಿಸುವಂತೆ, ಒಂದೊಂದಾಗಿ ಬಿಡಿಸಿ ಹೇಳಿದಳು. ಹಿಮ್ಮೇಳದಲ್ಲಿ ಅವಳ ಸೋದರಿಯರು ದನಿಗೂಡಿಸಿದರು. ಆ ವರ್ಷದ ಜೂನ್ ತಿಂಗಳಲ್ಲಿ ಹಾಡು ಅಮೆರಿಕದ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಮುಂದೆ ಕರಿಯರ ಮತ್ತು ಸ್ತ್ರೀಯರ ಹಕ್ಕುಗಳ ಹೋರಾಟಗಳೆರಡೂ ಅದನ್ನು ತಮ್ಮದೆಂದುಕೊಂಡವು. ಅದೇ ತಿಂಗಳು ಮಾಂಟೆರೆಯ ಸಂಗೀತೋತ್ಸವದಲ್ಲಿ ರೆಡಿಂಗನೇ, ಇದು ಒಬ್ಬ ಹುಡುಗಿ ನನ್ನಿಂದ ಕಸಿದುಕೊಂಡ ಹಾಡು ಎಂದು ವಿನೋದವಾಗಿ ಒಪ್ಪಿಕೊಂಡನು. ಡಿಸೆಂಬರಿನಲ್ಲಿ ವಿಮಾನಾಪಘಾತಕ್ಕೆ ತುತ್ತಾದಾಗ ಅವನಿಗೆ ಇಪ್ಪತ್ತಾರು ವರ್ಷ.

ಇಲ್ಲಿ ನಡೆದುದನ್ನು ವಿವರಿಸಲು ನಮ್ಮ ಕಾವ್ಯಮೀಮಾಂಸೆಯೇ ಸಾಕು. ವಾಚ್ಯಾರ್ಥವು ಮತ್ತೊಂದು ಅರ್ಥವನ್ನು ಧ್ವನಿಸಲು ಕಾರಣವಾಗುವ ವಿಶೇಷಗಳನ್ನು ಎಣಿಸುವಾಗ ಮಮ್ಮಟನು ‘ಕಾವ್ಯಪ್ರಕಾಶ’ದ ಮೂರನೆಯ ಉಲ್ಲಾಸದಲ್ಲಿ ಮೊದಲು ಹೆಸರಿಸುವುದು ವಕ್ತೃವನ್ನು, ಅಂದರೆ ಆಡುವವನನ್ನು; ಬಳಿಕ ಕೇಳುವವನನ್ನು, ಅನಂತರ ಕಾಕುವನ್ನು, ಅಂದರೆ ದನಿಯ ಕೊಂಕನ್ನು. ಮಾತು ಅದೇ ಇದ್ದು ಆಡುವವರು ಬದಲಾದರೆ ಧ್ವನಿ ಬದಲಾಗುತ್ತದೆ. ಒಳ್ಳೆಯ ಮರುಹಾಡಿಕೆಯ ಗುಟ್ಟು ರಾಗದ ಅಲಂಕರಣಕ್ಕಿಂತ ಹೆಚ್ಚಾಗಿ ಈ ವಕ್ತೃವಿನ ಪಲ್ಲಟದಲ್ಲಿದೆ. ಬೂನನಲ್ಲಿ ಗಾಯಕ ಬದಲಾದನು. ವಕ್ತೃ ಹುಟ್ಟಲೇ ಇಲ್ಲ.

ಮತ್ತೊಂದು ನಿದರ್ಶನ ‘ಹರ್ಟ್’. ‘ನೈನ್ ಇಂಚ್ ನೇಲ್ಸ್’ ಎಂಬ ಹೆಸರಿನಲ್ಲಿ ಟ್ರೆಂಟ್ ರೆಜ್ನರ್ 1994ರಲ್ಲಿ ಹೊರತಂದ ಮುದ್ರಿಕೆಯ ಕೊನೆಯ ಹಾಡು ಅದು. ಮೂವತ್ತು ತುಂಬದ ತರುಣನ ಆತ್ಮಹಿಂಸೆ, ಪಿಸುಮಾತು, ಕಡೆಗೆ ಕರ್ಕಶ ನಾದ. 2002ರಲ್ಲಿ ಎಪ್ಪತ್ತರ ಜಾನಿ ಕ್ಯಾಶ್ ಅದನ್ನು ಗಿಟಾರು ಪಿಯಾನೊಗಳ ಸರಳ ಮೇಳದಲ್ಲಿ, ಒಡೆದ ಕಂಠದಲ್ಲಿ ಹಾಡಿದನು. ಅವನು ಒಂದು ಅಶ್ಲೀಲ ಪದವನ್ನು ತೆಗೆದು ಅಲ್ಲಿ ಮುಳ್ಳನ್ನಿಟ್ಟನು. ಆ ಒಂದೇ ಪದದಿಂದ ತರುಣನ ಹೇಸಿಗೆಯ ಕಿರೀಟ ಕ್ರಿಸ್ತನ ಮುಳ್ಳಿನ ಕಿರೀಟದ ನೆನಪಾಯಿತು. ತರುಣನಲ್ಲಿ ಮುಂದಿನ ಬಾಳಿನ ಭಯವಾಗಿದ್ದುದು ವೃದ್ಧನಲ್ಲಿ ಕಳೆದ ಬಾಳಿನ ಲೆಕ್ಕವಾಯಿತು. ಹಾಡಿನ ಚಿತ್ರದಲ್ಲಿ ಕಾಣಿಸಿಕೊಂಡ ಅವನ ಪತ್ನಿ ಜೂನ್ 2003ರ ಮೇ ತಿಂಗಳಲ್ಲೂ ಅವನು ಸೆಪ್ಟೆಂಬರಿನಲ್ಲೂ ತೀರಿಕೊಂಡರು. ಮೊದಲು ಅಳುಕಿದ ರೆಜ್ನರ್, ಚಿತ್ರವನ್ನು ನೋಡಿದ ಮೇಲೆ ಹಾಡು ಇನ್ನು ತನ್ನದಲ್ಲವೆಂದನು.

ಇದು ನಮಗೆ ಹೊಸತೇನೂ ಅಲ್ಲ. ಪಂಪಭಾರತದ ಹದಿಮೂರನೆಯ ಆಶ್ವಾಸದ ವಸ್ತುವನ್ನೇ ರನ್ನನು ‘ಗದಾಯುದ್ಧ’ವಾಗಿ ಮತ್ತೆ ಕಟ್ಟಿದನು. ಅರ್ಜುನನ ಕಥೆಯಾಗಿದ್ದುದು ಭೀಮನ ಕಥೆಯಾಯಿತು. ಸೋಲುವ ದುರ್ಯೋಧನನ ಅಳಲಿಗೂ ಛಲಕ್ಕೂ ಅಲ್ಲಿ ಸಿಕ್ಕ ವಿಸ್ತಾರ ಮೂಲದಲ್ಲಿಲ್ಲ. ರನ್ನನನ್ನು ನಾವು ನಕಲುಗಾರನೆನ್ನುವುದಿಲ್ಲ.

ಹಾಗಾದರೆ ಹಾಡು ಯಾರದು? ಕಾನೂನಿನ ಖಾತೆ ಬೇರೆ. ಅಮೆರಿಕದ ಬಾನುಲಿಯಲ್ಲಿ ‘ರೆಸ್ಪೆಕ್ಟ್’ ಪ್ರಸಾರವಾದಾಗಲೆಲ್ಲ ಹಣ ಸಂದುದು ರಚನಕಾರನ ಕಡೆಗೆ; 2018ರಲ್ಲಿ ತೀರಿಕೊಳ್ಳುವವರೆಗೂ ಅರೀಥಾಳಿಗೆ ಆ ಪ್ರಸಾರದಿಂದ ಗಾಯಕಿಯಾಗಿ ಏನೂ ಸಲ್ಲಲಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿದ ವಿಧಿಯಂತೆ, ಶಾಸನದತ್ತ ಪರವಾನಗಿಯಿಂದ ಮರುಮುದ್ರಣ ಮಾಡುವವರು ಐದು ವರ್ಷ ಕಾಯಬೇಕು. ಒಡೆಯರ ಒಪ್ಪಿಗೆಯಿಲ್ಲದೆ ಮಾತನ್ನೂ ಮಟ್ಟನ್ನೂ ಬದಲಿಸಕೂಡದು. ರಚನಕಾರನ ಸ್ವತ್ತನ್ನು ಕಾಯುವುದು ನ್ಯಾಯವೇ. ಕಸಿದುಕೊಂಡವರ ಕಥೆ ಆ ದೇಶದಲ್ಲಿ ಕಡಮೆಯಿಲ್ಲ. ಆದರೆ ಈ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಬೂನನೊಡನೆ ಅರೀಥಾಳೂ ಸಿಕ್ಕಿಬೀಳುತ್ತಾಳೆ. ಹಣದ ಖಾತೆ ರಚನಕಾರನ ಹೆಸರಿನಲ್ಲಿರಲಿ. ಅರ್ಥದ ಖಾತೆಯಲ್ಲಿ ಮರುಹಾಡಿದವರ ಹೆಸರೂ ಸೇರಬೇಕು ಎಂಬುದು ನನ್ನ ನಿಲುವು.

ಹೊರನಾಡಿನಲ್ಲಿ ಇರುವ ನಮಗೆ ಈ ವಿಚಾರ ಕೇವಲ ಪಾಶ್ಚಾತ್ಯ ಸಂಗೀತದ ಚರ್ಚೆಯಲ್ಲ. ನಮ್ಮ ಮಕ್ಕಳು ಹಾಡುವ ಕನ್ನಡ ಗೀತೆಗಳೆಲ್ಲ ಮರುಹಾಡಿಕೆಗಳೇ. ಮಳೆಯನ್ನೂ ಮಲೆನಾಡನ್ನೂ ಕುರಿತ ಪದಗಳನ್ನು ಅವರು ಏಳನೆಯ ಮಹಡಿಯ ಮನೆಯಿಂದ ಹಾಡುತ್ತಾರೆ. ಮುದ್ರಿಕೆಯನ್ನು ಕೇಳಿಸಿ, ಹಾಗೆಯೇ ಹಾಡು ಎಂದರೆ ಸಹಿ ಸರಿಹೊಂದೀತು, ಹಾಡು ಅವರದಾಗದು. ಆ ದಿನ ಆ ಬಾಲಿಕೆ ತಾಳ ತಪ್ಪಿರಲಿಲ್ಲ, ಉಚ್ಚಾರ ಕೆಡಿಸಿರಲಿಲ್ಲ; ತನ್ನ ಕಾಕುವಿನಲ್ಲಿ ಹಾಡಿದ್ದಳು, ಅಷ್ಟೆ. ನಾನು ಕಳೆದ ಅಂಕಗಳನ್ನು ಈಗ ಹಿಂದಿರುಗಿಸುವ ಉಪಾಯವಿಲ್ಲ. ಮುಂದೆ ಆ ಪೀಠದಲ್ಲಿ ಕುಳಿತುಕೊಳ್ಳುವವರು ಮೂಲದಂತಿದೆಯೇ ಎಂದು ಕೇಳುವ ಮೊದಲು, ಇದನ್ನು ಯಾರು ಹೇಳುತ್ತಿದ್ದಾರೆ ಎಂದು ಕೇಳಿಕೊಳ್ಳಲಿ ಎಂದು ವಿಜ್ಞಾಪಿಸುತ್ತೇನೆ.